ಗೊಂಬೆ ಚನ್ನಪಟ್ಟಣದ್ದು, ಗಿರಾಕಿ ಇನ್ಯಾರದೋ

ರಫ್ತಿನ ಮಾತು ಬಂದರೆ ತರಬೇತಿ ಶಿಬಿರಗಳಲ್ಲಿ ಮೊದಲು ಹೇಳುವುದು ಐಇಸಿ ಸಂಖ್ಯೆ ಮಾಡಿಸಿ ಅಂತ. ಅದೇನೂ ಕಷ್ಟವಲ್ಲ; ಆನ್‌ಲೈನ್ ಅರ್ಜಿ, 500 ರೂಪಾಯಿ ಶುಲ್ಕ. ಹಾಗಾದರೆ ಚನ್ನಪಟ್ಟಣದಲ್ಲಿ ಆಲೆಮರ ಕಡೆದು ಅರಗು ಹಚ್ಚುವ ಸಣ್ಣ ಕುಶಲಕರ್ಮಿಗೆ ತನ್ನದೇ ಹೆಸರಲ್ಲಿ ಜರ್ಮನಿಗೆ ಗೊಂಬೆ ಕಳಿಸುವುದು ಯಾಕಿಷ್ಟು ಕಷ್ಟ?

ತೊಡಕಿರುವುದು ಪರೀಕ್ಷೆಯಲ್ಲಿ. ಯುರೋಪಿನಲ್ಲಿ ಆಟಿಕೆ ಮಾರಲು ಸಿಇ ಗುರುತು ಬೇಕು. ಚೂರು ಕಳಚಿ ಮಗುವಿನ ಗಂಟಲಿಗೆ ಸಿಗುತ್ತದೆಯೇ, ಬಣ್ಣದಿಂದ ಸೀಸ ಬಿಡುತ್ತದೆಯೇ ಎಂದು ಇಎನ್ 71 ಮಾನದಂಡದಂತೆ ಪರೀಕ್ಷೆಯಾಗಬೇಕು. ನಿಯಮ ಸರಿಯೇ, ಮಕ್ಕಳು ಎಲ್ಲಿಯವರಾದರೂ ಮಕ್ಕಳೇ. ಆದರೆ ಬಣ್ಣ ಬದಲಾದರೆ ಮತ್ತೆ ಪರೀಕ್ಷೆ, ಮತ್ತೆ ಶುಲ್ಕ. ಸಾವಿರಗಟ್ಟಲೆ ಗೊಂಬೆ ಕಳಿಸುವವರಿಗೆ ಅದೊಂದು ಲೆಕ್ಕವಲ್ಲ. ಇನ್ನೂರು ಕಳಿಸುವವರಿಗೆ ಲಾಭವೆಲ್ಲ ಅಲ್ಲೇ ಕರಗುತ್ತದೆ. ಕೊನೆಗೆ ವರದಿ ಯಾರ ಹೆಸರಲ್ಲಿದೆಯೋ ಗಿರಾಕಿಯೂ ಅವರಿಗೇ. ಕಡೆದವರಿಗೆ ಉಳಿಯುವುದು ಕೂಲಿ.

ನಾವು ಕೇಳುವುದು ಇಷ್ಟೆ. ಜಿಐ ಮಾನ್ಯತೆ ಊರಿನ ಹೆಸರಲ್ಲಿದೆ. ಅರಗಿನ ಬಣ್ಣಗಳನ್ನೂ ಊರಿನವರೆಲ್ಲ ಒಂದೇ ಕಡೆ ತಯಾರಿಸಲಿ, ಒಟ್ಟಿಗೆ ಪರೀಕ್ಷೆ ಮಾಡಿಸಲಿ, ಖರ್ಚನ್ನು ಸರ್ಕಾರ ಹೊರಲಿ. ಮೇಳದಲ್ಲಿ ಮಳಿಗೆ ಕೊಟ್ಟು ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಈ ಕೆಲಸ ಮೊದಲು ಆಗಲಿ.