ಹೊಸ್ತಿಲಿನ ಆಚೆಯ ಕೊಳೆ

ಹಿಮ ಎಂದೊಡನೆ ನಮ್ಮ ಕವಿಗಳಿಗೆ ಶುಭ್ರತೆಯೇ ನೆನಪಾಗುವುದು. ಹಿಮಧವಲ, ಹಿಮಶುಭ್ರ ಎಂಬ ಸಮಾಸಗಳನ್ನು ತರಗತಿಯಲ್ಲಿ ಬಿಡಿಸಿ, ವಿಗ್ರಹವಾಕ್ಯ ಹೇಳಿಕೊಡುತ್ತ ವರ್ಷಗಳನ್ನು ಕಳೆದವನು ನಾನು. ಆದರೆ ಹಿಮ ಬೀಳುವ ಊರಿನಲ್ಲಿ ಐದು ವಾರ ಇದ್ದು ಬಂದ ಮೇಲೆ ಆ ಸಮಾಸಗಳನ್ನು ಬಿಡಿಸುವಾಗ ಹಿಂದಿನ ಧೈರ್ಯ ಉಳಿದಿಲ್ಲ. ಆಕಾಶದಿಂದ ಇಳಿಯುವಾಗ ಹಿಮ ಬಿಳಿದು, ನಿಜ. ಮನೆಯೊಳಕ್ಕೆ ಬರುವಾಗ ಅದು ಬಿಳಿದಲ್ಲ. ರಸ್ತೆಯ ಮರಳು, ಉಪ್ಪು, ಮೋಟಾರಿನ ಎಣ್ಣೆ ಇವುಗಳೊಡನೆ ಕೂಡಿ, ಬೂಟಿನ ಅಡಿಗೆ ಅಂಟಿಕೊಂಡು, ಬೂದಿಬಣ್ಣದ ರಾಡಿಯಾಗಿ ಬರುತ್ತದೆ. ಆ ರಾಡಿಗೆ ಕನ್ನಡದಲ್ಲಿ ಹೆಸರಿಲ್ಲ. ಬೆಳಗಿನ ಮುಸುಕಿಗೂ ಮಂಜು, ಹಿಮಾಲಯದ ಮೇಲಿರುವುದಕ್ಕೂ ಮಂಜು ಎನ್ನುವ ಭಾಷೆ ನಮ್ಮದು. ಅಷ್ಟರಲ್ಲೇ ನಮ್ಮ ಅನುಭವದ ಮೇರೆ ತಿಳಿಯುತ್ತದೆ.

2018ರ ಅಕ್ಟೋಬರಿನಲ್ಲಿ ನನ್ನ ತಂಗಿಯ ಎರಡನೆಯ ಹೆರಿಗೆಗೆಂದು ಅಮ್ಮ ಅಮೆರಿಕದ ಮಿನಿಯಾಪೊಲಿಸಿಗೆ ಹೋಗಿದ್ದಳು. ಮರುವರ್ಷ ಜನವರಿಯ ಕೊನೆಯಲ್ಲಿ ಗಳಿಕೆ ರಜೆ ಹಾಕಿ, ಅವಳನ್ನು ಕರೆತರುವ ನೆಪದಿಂದ ನಾನೂ ಹೋದೆ. ಹೋದ ವಾರದಲ್ಲೇ, ಜನವರಿ 30ರಂದು, ಆ ಊರಿನ ಉಷ್ಣತೆ ಸೊನ್ನೆಗಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯಿತು. ಅಂದು ಅಂಚೆಯನ್ನೂ ಹಂಚಲಿಲ್ಲ. ಅದರ ಹಿಂದೆಯೇ ಬಂದ ಫೆಬ್ರವರಿಯಲ್ಲಿ 39 ಅಂಗುಲ ಹಿಮ ಬಿದ್ದು, ಆ ಊರಿನ ಹಿಂದಿನ ಎಲ್ಲ ಫೆಬ್ರವರಿಗಳ ದಾಖಲೆಯನ್ನೂ ಮುರಿಯಿತು. ಪ್ರಕೃತಿಸೌಂದರ್ಯವನ್ನು ಕಾಣಲು ಹೋದವನ ಕೈಗೆ ತಂಗಿ ಸಲಿಕೆಯನ್ನು ಕೊಟ್ಟಳು.

ಆದರೆ ನಾನು ಹೇಳಬೇಕಾದುದು ಅಮ್ಮನ ವಿಷಯ. ನಮ್ಮದು ತೀರ್ಥಹಳ್ಳಿಯ ಕಡೆಯ ಊರು. ಅಮ್ಮನ ಶಾಸ್ತ್ರದಲ್ಲಿ ಶುಚಿಗೆ ಇನ್ನೊಂದು ಹೆಸರು ನೀರು. ಬೆಳಗ್ಗೆ ಎದ್ದೊಡನೆ ಬಾಗಿಲಿಗೆ ನೀರು ಹಾಕಬೇಕು, ರಂಗೋಲಿ ಇಡಬೇಕು. ಹೊರಗಿನಿಂದ ಬಂದವರು ಕಾಲು ತೊಳೆಯಬೇಕು. ಉಂಡ ಜಾಗವನ್ನು ಸಾರಿಸಬೇಕು. ನೀರು ತಾಗದ್ದು ಕೊಳೆ. ತಂಗಿಯ ಊರಿನಲ್ಲಿ ಆರು ತಿಂಗಳ ಮಟ್ಟಿಗೆ ಈ ಶಾಸ್ತ್ರ ತಲೆಕೆಳಗು. ಅಲ್ಲಿ ನೀರು ತಾಗಿದ್ದೇ ಕೊಳೆ. ಹೊಸ್ತಿಲಿನ ಬಳಿ ನಿಂತ ನೀರು, ಕಾರ್ಪೆಟ್ಟಿನೊಳಕ್ಕೆ ಇಳಿದ ನೀರು, ಕಿಟಕಿಯ ಗಾಜಿನ ಮೇಲೆ ಬೆವರಿದ ನೀರು, ಇವೇ ಅಲ್ಲಿಯ ಗೃಹಿಣಿಯ ಶತ್ರುಗಳು.

ಬಾಣಂತನದ ಗಡಿಬಿಡಿ ಸ್ವಲ್ಪ ಇಳಿದ ಮೇಲೆ, ನವೆಂಬರಿನ ಒಂದು ಬೆಳಗ್ಗೆ, ಮನೆಯವರೆಲ್ಲ ಮಲಗಿರುವಾಗ, ಅಮ್ಮ ಒಂದು ಚೊಂಬು ನೀರನ್ನು ಮುಂಬಾಗಿಲ ಮೆಟ್ಟಿಲಿಗೆ ಹಾಕಿ, ಅಕ್ಕಿಹಿಟ್ಟಿನಲ್ಲಿ ನಾಲ್ಕೆಳೆ ರಂಗೋಲಿ ಎಳೆದು ಒಳಗೆ ಬಂದಳು. ಎಷ್ಟೋ ದಿನಗಳ ಮೇಲೆ ಮನೆ ಮನೆಯಂತಾಯಿತು ಎನಿಸಿತಂತೆ. ಎಂಟು ಗಂಟೆಯ ಹೊತ್ತಿಗೆ ಪಕ್ಕದ ಮನೆಯ ವೃದ್ಧೆ, ಎಪ್ಪತ್ತು ದಾಟಿದವರು, ಬಾಣಂತಿಗೆಂದು ಏನೋ ತಿಂಡಿ ಮಾಡಿಕೊಂಡು ಬಂದರು. ಮೆಟ್ಟಿಲ ಮೇಲೆ ಕಾಲಿಟ್ಟರು, ಜಾರಿಬಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು. ಅಮ್ಮ ಹಾಕಿದ ನೀರು ಗಾಜಿನ ಹಲಗೆಯಾಗಿತ್ತು. ಅದರೊಳಗೆ ರಂಗೋಲಿ ಚಿತ್ರಪಟದಂತೆ ಕಾಣುತ್ತಿತ್ತೆಂದು ತಂಗಿ ಹೇಳಿದಳು.

"ಬಾಗಿಲಿಗೆ ಬಂದವರನ್ನು ನಾನೇ ಬೀಳಿಸಿದೆ ಕಣೋ" ಎಂದು ಅಮ್ಮ ನಾನು ಹೋದ ದಿನವೇ ಹೇಳಿದಳು. ಅಷ್ಟು ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ಆ ಎರಡು ತಿಂಗಳೂ ಅವಳು ಮುಂಬಾಗಿಲಿನ ಕಡೆ ಹೋಗಿರಲಿಲ್ಲ.

ಇದನ್ನು ಕೇಳಿ ನಗುವ ಮಿತ್ರರಿದ್ದಾರೆ. ಹಳೆಯ ಕಾಲದವರ ಅಂಧಾಚಾರ ಎನ್ನುವವರೂ ಇದ್ದಾರೆ. ನನಗೆ ಹಾಗೆನ್ನಲು ಮನಸ್ಸು ಬರಲಿಲ್ಲ. ಧೂಳಿನ ನಾಡಿನಲ್ಲಿ ಬಾಗಿಲಿಗೆ ನೀರು ಹಾಕುವುದು ಅರ್ಥವಿಲ್ಲದ ಆಚಾರವಲ್ಲ. ಧೂಳು ಅಡಗುತ್ತದೆ, ಬರುವವರಿಗೆ ಹಿತವಾಗುತ್ತದೆ. ಆಚಾರದ ಹಿಂದಿದ್ದ ಉದ್ದೇಶ ಆ ಊರಿನಲ್ಲಿಯೂ ಸಲ್ಲುತ್ತದೆ. ಸಲ್ಲದಿದ್ದುದು ನೀರು ಮಾತ್ರ. ಮಿನಿಯಾಪೊಲಿಸಿನ ನಗರಸಭೆಯ ಕಟ್ಟಳೆಯೊಂದಿದೆ. ಹಿಮ ನಿಂತ 24 ಗಂಟೆಗಳೊಳಗೆ ಪ್ರತಿಯೊಬ್ಬ ಮನೆಯವನೂ ತನ್ನ ಮನೆಯ ಮುಂದಿನ ಸಾರ್ವಜನಿಕ ಕಾಲುಹಾದಿಯನ್ನು ಅಂಚಿನಿಂದ ಅಂಚಿಗೆ ತೆಗೆದು ಶುಚಿ ಮಾಡಬೇಕು. ಅಂಗಡಿಗಳಿಗೂ ವಠಾರದಂಥ ದೊಡ್ಡ ಕಟ್ಟಡಗಳಿಗೂ ಇರುವ ಅವಧಿ ಹಗಲಿನ 4 ಗಂಟೆ ಮಾತ್ರ. ಮಾಡದಿದ್ದರೆ ನಗರಸಭೆಯೇ ಮಾಡಿಸಿ ವೆಚ್ಚವನ್ನು ಮನೆಯವನ ಲೆಕ್ಕಕ್ಕೆ ಬರೆಯುತ್ತದೆ. ಮನೆಯೊಳಗೆ ನೀವು ಹೇಗಾದರೂ ಇರಿ, ನಿಮ್ಮ ಮುಂದೆ ನಡೆದುಹೋಗುವ ಅಪರಿಚಿತನ ಕಾಲು ಜಾರಬಾರದು ಎಂಬುದು ಅದರ ತಾತ್ಪರ್ಯ. ಮುಂಬಾಗಿಲು ಬರುವವರಿಗಾಗಿ ಎಂಬ ಅಮ್ಮನ ನಂಬಿಕೆಗೂ ಇದಕ್ಕೂ ನನಗೆ ದೊಡ್ಡ ಅಂತರ ಕಾಣಲಿಲ್ಲ.

ನಮ್ಮ ಬೀದಿಗಳಲ್ಲಿ ನಾವು ಇದನ್ನೇ ಮರೆತಿದ್ದೇವೆ ಎಂದರೆ ಯಾರೂ ಕೋಪಿಸಿಕೊಳ್ಳಬೇಕಾಗಿಲ್ಲ. ಕನ್ನಡಿಯಂತೆ ಒರೆಸಿದ ನೆಲ ಒಳಗೆ, ಕಸದ ಪೊಟ್ಟಣ ಗೋಡೆಯಾಚೆಯ ಖಾಲಿ ನಿವೇಶನದಲ್ಲಿ. ನಮ್ಮ ಶುಚಿ ಹೊಸ್ತಿಲಿನ ಒಳಗಿನ ಗುಣವಾಗಿಬಿಟ್ಟಿದೆ.

ಇನ್ನು ಒಳಗಿನ ಕೆಲಸ. ಹೊರಗೆ ಹಿಮ ತೆಗೆಯುವುದು ಕಷ್ಟ, ಆದರೆ ಕೀರ್ತಿಯ ಕೆಲಸ. ಒಂದು ಗಂಟೆ ಸಲಿಕೆ ಹಿಡಿದು ಕೆಂಪು ಮೂಗಿನೊಡನೆ ಒಳಗೆ ಬಂದರೆ ಬಿಸಿ ಕಾಫಿ ಸಿದ್ಧವಾಗಿರುತ್ತದೆ, ಬೆನ್ನಿನ ನೋವನ್ನು ಎಲ್ಲರೂ ವಿಚಾರಿಸುತ್ತಾರೆ. ನಾನು ಒಳಗೆ ಬಂದ ಹಾದಿಯನ್ನು ತಂಗಿ ಮೊಣಕಾಲೂರಿ ಒರೆಸುತ್ತಿದ್ದುದನ್ನು ಯಾರೂ ವಿಚಾರಿಸಲಿಲ್ಲ. ಮೂರು ನಾಲ್ಕು ದಿನ ನಾನೂ ವಿಚಾರಿಸಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಬೂಟು ಬಿಚ್ಚಿಡಲು ಬಾಗಿಲ ಬಳಿ ಅಂಚು ಕಟ್ಟಿದ ರಬ್ಬರಿನ ತಟ್ಟೆಯೊಂದನ್ನು ಇಟ್ಟಿರುತ್ತಾರೆ. ಮಳೆಗಾಲದಲ್ಲಿ ನಮ್ಮ ಜಗಲಿಯ ಮೇಲೆ ಹಾಸುವ ಗೋಣಿತಾಟಿನ ದಾಯಾದಿ ಅದು. ಬೂಟಿನಿಂದ ಕರಗಿದ ನೀರು ಅದರಲ್ಲಿ ನಿಲ್ಲಬೇಕು. ದಿನಕ್ಕೆರಡು ಬಾರಿ ಅದನ್ನು ಚೆಲ್ಲಿ ಒರೆಸಬೇಕು. ತಟ್ಟೆ ತಪ್ಪಿ ಹೊರಗೆ ಬಿದ್ದ ಹನಿ ಆರಿದ ಮೇಲೆ ಬಿಳಿಯ ಉಪ್ಪಿನ ವೃತ್ತವಾಗುತ್ತದೆ. ಬರಿಯ ನೀರಿನಲ್ಲಿ ಒರೆಸಿದರೆ ಅದು ಹೋಗುವುದಿಲ್ಲ, ಇನ್ನಷ್ಟು ಹರಡುತ್ತದೆ. ಸಮಪಾಲು ವಿನೆಗರ್, ಸಮಪಾಲು ಬೆಚ್ಚಗಿನ ನೀರು ಬೆರೆಸಿ ಒರೆಸಬೇಕು. "ಹುಳಿಯಲ್ಲವೇನೇ ಅದು? ಹುಣಸೆಹಣ್ಣಿನಲ್ಲಿ ದೀಪ ಬೆಳಗಿದ ಹಾಗೆ" ಎಂದು ಅಮ್ಮ ಒಂದೇ ಮಾತಿಗೆ ಆ ರಸಾಯನಶಾಸ್ತ್ರವನ್ನು ಮುಗಿಸಿದಳು.

ಮುಚ್ಚಿದ ಮನೆಯ ಗಾಳಿಯದು ಬೇರೆಯೇ ಕಥೆ. ನೆಲಮಾಳಿಗೆಯ ಯಂತ್ರ ಬಿಸಿಗಾಳಿಯನ್ನು ಕೊಳವೆಗಳಲ್ಲಿ ಮನೆಯೆಲ್ಲ ಸುತ್ತಿಸುತ್ತದೆ. ಅದೇ ಗಾಳಿ ಮರಳಿ ಬರುತ್ತದೆ, ಮರಳಿ ಹೋಗುತ್ತದೆ. ಅದರ ಬಾಯಿಗೆ ಇಟ್ಟ ಶೋಧಕವನ್ನು ತೆಗೆದು ನೋಡಿದಾಗ ಕಂಬಳಿಯಂಥ ಬೂದುಬಣ್ಣದ ಧೂಳು ಹಿಡಿದಿತ್ತು. ಒಂದೆರಡು ತಿಂಗಳಿಗೊಮ್ಮೆ ಅದನ್ನು ಬದಲಾಯಿಸದಿದ್ದರೆ ಆ ಧೂಳು ಉಸಿರಿನಲ್ಲಿ ಸೇರಬೇಕಷ್ಟೆ. ಎಳೆಯ ಕೂಸಿಗೆ ಎಣ್ಣೆನೀರು ಹಾಕಿದ ಮೇಲೆ ಸಾಂಬ್ರಾಣಿಯ ಹೊಗೆ ಹಿಡಿಯಬೇಕೆಂದು ಅಮ್ಮ ಹೊರಟ ದಿನ, ಹೊಗೆ ಕಂಡರೆ ಕಿರುಚುವ ಯಂತ್ರ ಕಿರುಚಿ ಕೂಸನ್ನೂ ಕಿರುಚಿಸಿತಂತೆ. ನಮ್ಮ ಹೆಂಚಿನ ಮನೆಯಲ್ಲಿ ಹೊಗೆಗೆ ಸಾವಿರ ಸಂದುಗಳಿವೆ. ಅಲ್ಲಿ ಒಂದೂ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ಅಮ್ಮನೇ ಗುರುವಾದಳು. ಬಿಸಿಗಾಳಿಯಿಂದ ಕೂಸಿನ ಚರ್ಮ ಒಡೆಯುತ್ತದೆಂದು ತಂಗಿ ಮಲಗುವ ಕೋಣೆಯಲ್ಲಿ ತೇವ ಕೂಡಿಸುವ ಯಂತ್ರವನ್ನು ಹಗಲಿರುಳು ನಡೆಸುತ್ತಿದ್ದಳು. ಕಿಟಕಿಯ ಚೌಕಟ್ಟಿನ ಮೂಲೆಯಲ್ಲಿ ಕರಿಯ ಚುಕ್ಕೆಗಳು ಎದ್ದಿದ್ದವು. ತಂಗಿ ಅದನ್ನು ಮಸಿಯೆಂದುಕೊಂಡಿದ್ದಳು. ಅಮ್ಮ ಮೂಸಿ ನೋಡಿ, "ಬೂಷ್ಟು ಕಣೇ, ಮೊದಲು ಆ ಯಂತ್ರ ಆರಿಸು" ಎಂದಳು. ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆಯಲ್ಲಿ ಉಪ್ಪಿನಕಾಯಿ ಜಾಡಿಯಿಂದ ಹಿಡಿದು ರೇಷ್ಮೆಸೀರೆಯವರೆಗೆ ಎಲ್ಲವನ್ನೂ ಬೂಷ್ಟಿನಿಂದ ಕಾದವಳಿಗೆ ಅದರ ವಾಸನೆ ತಪ್ಪೀತೆ? ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿರುವಾಗ ಒಳಗಿನ ಗಾಳಿಯ ತೇವ ನೂರಕ್ಕೆ 25ರ ಆಸುಪಾಸಿನಲ್ಲಿ ಇರಬೇಕು. ಮೀರಿದರೆ ಅದು ತಣ್ಣನೆಯ ಗಾಜಿನ ಮೇಲೆ ನೀರಾಗಿ ಇಳಿದು ಬೂಷ್ಟಿಗೆ ಬೀಜವಾಗುತ್ತದೆ. ಇದು ಅಲ್ಲಿಯ ತಜ್ಞರ ಲೆಕ್ಕ. ಅಮ್ಮನ ಲೆಕ್ಕ ಮೂಗಿನದು.

ಹೀಗೆ ಆ ದೇಶದ ಶುಚಿಯನ್ನು ಹೊಗಳುವ ಹಾದಿಯಲ್ಲೇ ನಾನು ಮುಂದುವರಿಯುತ್ತಿದ್ದೆನೋ ಏನೋ. ಆದರೆ ಉಪ್ಪು ಅಡ್ಡ ಬಂದಿತು. ಮೆಟ್ಟಿಲಿನ ಮೇಲೆ, ಹಾದಿಯ ಮೇಲೆ, ಹೆದ್ದಾರಿಯ ಮೇಲೆ, ಎಲ್ಲಿ ನೋಡಿದರೂ ಉಪ್ಪು. ನೀರಿಗೆ ಉಪ್ಪು ಸೇರಿದರೆ ಅದು ಹೆಪ್ಪುಗಟ್ಟಲು ಇನ್ನೂ ಹೆಚ್ಚಿನ ಚಳಿ ಬೇಕು. ಆದುದರಿಂದ ಹಾದಿ ಜಾರುವುದಿಲ್ಲ. ಸೊನ್ನೆಗಿಂತ 9 ಡಿಗ್ರಿ ಕೆಳಗಾದರೆ ಸಾಮಾನ್ಯ ಉಪ್ಪು ಹೆಚ್ಚು ಕೆಲಸ ಮಾಡುವುದಿಲ್ಲ. ಆಗಲೂ ಜನ ಅಭ್ಯಾಸಬಲದಿಂದ ಚೆಲ್ಲುತ್ತಲೇ ಇರುತ್ತಾರೆ. ಉಪ್ಪು ಚೆಲ್ಲಬಾರದು, ತುಳಿಯಬಾರದು ಎಂದು ಬೆಳೆದ ಅಮ್ಮನಿಗೆ ಇದನ್ನು ನೋಡಿ ಎದೆ ಧಸಕ್ಕೆಂದಿತು. "ಇಷ್ಟು ಉಪ್ಪು ಎಲ್ಲಿಗೆ ಹೋಗುತ್ತದೋ?" ಎಂದು ನನ್ನನ್ನು ಕೇಳಿದಳು. ಎಂ.ಎ. ಓದಿದವನಿಗೆ ಉತ್ತರ ತಿಳಿದಿರಬೇಕೆಂಬುದು ಅವಳ ನಂಬಿಕೆ.

ಉತ್ತರವನ್ನು ಹುಡುಕಿ ತಿಳಿದುಕೊಂಡೆ. ಮಿನಿಯಾಪೊಲಿಸ್ ಎಂಬ ಹೆಸರಿನ ಮೊದಲ ಭಾಗ ಡಕೋಟ ಜನರ ಭಾಷೆಯಲ್ಲಿ ನೀರು, ಎರಡನೆಯದು ಗ್ರೀಕರ ಪಟ್ಟಣ. ನೀರೂರು ಎಂದರೆ ನಮ್ಮ ಸೀಮೆಯ ಗ್ರಾಮದಂತೆಯೇ ಕೇಳುತ್ತದೆ. ಊರ ನಡುವೆಯೇ ಸರೋವರಗಳಿವೆ. ವಸಂತದಲ್ಲಿ ಹಿಮ ಕರಗಿದಾಗ ಮೆಟ್ಟಿಲಿನ ಉಪ್ಪೆಲ್ಲ ಚರಂಡಿಯ ಮೂಲಕ ಅಲ್ಲಿಗೆ ಹೋಗುತ್ತದೆ. ಒಂದು ಚಹಾ ಚಮಚದಷ್ಟು ಉಪ್ಪು 5 ಗ್ಯಾಲನ್, ಎಂದರೆ ಸುಮಾರು 19 ಲೀಟರ್ ನೀರನ್ನು ಕೆಡಿಸಲು ಸಾಕೆಂದು ಆ ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆಯೇ ಹೇಳುತ್ತದೆ. ಹೀಗೆ ಸೇರಿದ ಉಪ್ಪನ್ನು ಹೊರತೆಗೆಯುವ ಸುಲಭೋಪಾಯವಿಲ್ಲ. ನಾವು ಕಸವನ್ನು ಗೋಡೆಯಾಚೆ ಎಸೆಯುತ್ತೇವೆ, ಅದು ಕಣ್ಣಿಗೆ ಕಾಣುತ್ತದೆ, ನಾರುತ್ತದೆ. ಅವರದು ಕರಗುತ್ತದೆ, ಕಾಣುವುದಿಲ್ಲ. ವ್ಯತ್ಯಾಸ ಅಷ್ಟೆ. ಕಾಣದ ಕೊಳೆಯಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಬಚ್ಚಲುಗಳ ಸೋಪಿನ ನೀರೂ ಮಲಿನಜಲವೂ ಹರಿದುಹೋಗಿ ಸೇರಿದ ಬೆಳ್ಳಂದೂರು ಕೆರೆ ನೊರೆಯುಕ್ಕಿ ರಸ್ತೆಗೆ ಬಂದುದನ್ನೂ, 2017ರ ಫೆಬ್ರವರಿಯಲ್ಲಿ ಹೊಗೆಯಾಡಿ ಉರಿದುದನ್ನೂ ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದೇವೆ.

ಚಳಿಯ ನಾಡಿನಲ್ಲಿ ಬೇರೆ ದಾರಿಯೇ ಇಲ್ಲವೆಂದಲ್ಲ. ನಮ್ಮ ದೇಶದ್ದೇ ಆದ ಲದಾಖಿನಲ್ಲಿ ಹಳೆಯ ಮನೆಗಳ ಶೌಚಗೃಹಕ್ಕೆ ನೀರೇ ಬೇಡ. ಮೇಲಿನ ಅಂತಸ್ತಿನಲ್ಲಿ ನೆಲಕ್ಕೊಂದು ಕಂಡಿ, ಪಕ್ಕದಲ್ಲಿ ಮಣ್ಣು ಮತ್ತು ಒಲೆಯ ಬೂದಿಯ ರಾಶಿ, ಒಂದು ಸಲಿಕೆ. ಕೆಳಗಿನ ಕೋಣೆಯಲ್ಲಿ ಸೇರಿದ್ದು ಕಾಲಕ್ರಮದಲ್ಲಿ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಮಡಿವಂತರು ಮುಖ ಸಿಂಡರಿಸಿಯಾರು. ಆದರೆ ಕೊಳೆ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಆ ಮನೆಯವರು ಬೆರಳು ತೋರಿಸಿ ಉತ್ತರ ಹೇಳಬಲ್ಲರು. ಈಗ ಪ್ರವಾಸಿಗಳ ಅನುಕೂಲಕ್ಕಾಗಿ ನೀರಿನ ಶೌಚಗೃಹಗಳು ಅಲ್ಲಿಗೂ ಬಂದಿವೆ. ಚಳಿಗಾಲದಲ್ಲಿ ಕೊಳವೆಗಳು ಹೆಪ್ಪುಗಟ್ಟುತ್ತವೆ. ನನ್ನ ದೃಷ್ಟಿಯಲ್ಲಿ ಇದು ಮುನ್ನಡೆಯಲ್ಲ.

ಫೆಬ್ರವರಿಯ ಎರಡನೆಯ ವಾರದಲ್ಲಿ ಪಕ್ಕದ ಮನೆಯ ವೃದ್ಧೆ ಮತ್ತೆ ಬಂದರು. ಕೈಯ ಕಟ್ಟು ಬಿಚ್ಚಿತ್ತು. ಅಮ್ಮ ಒಳಗೆ ಸರಿದುಕೊಂಡಳು. ಆ ಮುದುಕಿ ಬಿಡಲಿಲ್ಲ. ತಂಗಿಯನ್ನು ದುಭಾಷಿಯಾಗಿ ಇಟ್ಟುಕೊಂಡು ಅಮ್ಮನನ್ನು ಮೆಟ್ಟಿಲಿಗೆ ಕರೆತಂದು, ತಮ್ಮ ಊರಿನ ಬಾಗಿಲು ಗುಡಿಸುವ ವಿದ್ಯೆಯನ್ನು ಹೇಳಿಕೊಟ್ಟರು. ಹಿಮವನ್ನು ಯಾರೂ ತುಳಿಯುವ ಮೊದಲೇ ತೆಗೆಯಬೇಕು, ತುಳಿದರೆ ಗಟ್ಟಿಯಾಗುತ್ತದೆ. ಪೂರ್ತಿ ಕೆರೆದು ತೆಗೆದರೆ ಉಪ್ಪು ಹೆಚ್ಚು ಬೇಡ, ಹತ್ತು ಚಪ್ಪಡಿ ಹಾದಿಗೆ ದೊಡ್ಡದೊಂದು ಕಾಫಿ ಲೋಟದಷ್ಟು ಸಾಕು. ಕಾಳುಗಳು ದೂರ ದೂರ ಬೀಳಬೇಕು, ರಾಶಿಯಾಗಬಾರದು. ಅಮ್ಮ ಒಂದು ಮುಷ್ಟಿ ತೆಗೆದುಕೊಂಡು, ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ, ಐವತ್ತು ವರ್ಷ ರಂಗೋಲಿ ಬಿಟ್ಟ ಕೈಯಿಂದ, ಅದನ್ನು ಉದುರಿಸಿದಳು. ಇಷ್ಟು ಸಮನಾಗಿ ಉದುರಿಸುವವರನ್ನು ತಾನು ಕಂಡಿಲ್ಲವೆಂದು ಆ ಮುದುಕಿ ಹೇಳಿದರು.

ಮಾರ್ಚಿ ಮೊದಲ ವಾರ ನಾವು ಹೊರಡುವ ಹಿಂದಿನ ದಿನ ಬಿಸಿಲು ಬಂದಿತ್ತು. ಮೆಟ್ಟಿಲು ಒಣಗಿತ್ತು. ಪೆಟ್ಟಿಗೆ ಕಟ್ಟುವುದನ್ನು ಬಿಟ್ಟು ಅಮ್ಮ ಎಲ್ಲಿ ಹೋದಳೆಂದು ನೋಡಿದರೆ, ತಂಗಿಯ ಕೋಟನ್ನು ಸೀರೆಯ ಮೇಲೆ ತೊಟ್ಟುಕೊಂಡು, ಪೊರಕೆ ಹಿಡಿದು, ಕರಗದೆ ಉಳಿದ ಉಪ್ಪಿನ ಕಾಳುಗಳನ್ನು ಒಂದೊಂದೇ ಮೆಟ್ಟಿಲಿನಿಂದ ಗುಡಿಸಿ ಡಬ್ಬಿಗೆ ತುಂಬುತ್ತಿದ್ದಳು.

"ಅದನ್ನೇನು ಮಾಡುತ್ತೀಯಮ್ಮ?" ಎಂದೆ.

"ನಾಳೆಯೂ ಬೀಳುತ್ತದಲ್ಲೋ" ಎಂದು ಡಬ್ಬಿಯ ಮುಚ್ಚಳ ಹಾಕಿದಳು.