ಪಾಕಶಾಲೆ: ಚಾಕೊಲೇಟ್ ಕೇಕಿಗೆ ಹುಳಿಯೇಕೆ?

ಪಾಯಸಕ್ಕೆ ಹುಳಿ ಹಿಂಡುವ ಗೃಹಿಣಿಯನ್ನು ಯಾರೂ ಕಂಡಿರಲಾರರು. ಹಾಗಿರುವಾಗ ಚಾಕೊಲೇಟ್ ಕೇಕಿನ ಹಿಟ್ಟಿಗೆ ಹುಳಿಮೊಸರು ಬೆರೆಸಬೇಕೆಂದರೆ ನಮ್ಮ ಸೋದರಿಯರು ಅನುಮಾನಿಸುವುದು ಸಹಜವೇ. ನಾವೂ ಹಾಗೆಯೇ ಅನುಮಾನಿಸಿ, ಒಮ್ಮೆ ಮಗುವಿನ ಹುಟ್ಟುಹಬ್ಬದಂದು ಮೊಸರಿಗೆ ಬದಲಾಗಿ ಹಾಲನ್ನೇ ಸುರಿದೆವು. ಕೇಕು ಕಪ್ಪಗೆ ಬೆಂದಿತೇ ಹೊರತು ಚೆನ್ನಾಗಿ ಉಬ್ಬಲಿಲ್ಲ. ಬಾಯಿಗಿಟ್ಟರೆ ಸಾಬೂನಿನ ರುಚಿ. ಮಗು ಒಂದು ತುತ್ತು ತಿಂದು ತಟ್ಟೆಯನ್ನು ಸರಿಸಿಬಿಟ್ಟಿತು. ಅಂದು ಕಲಿತ ಪಾಠವನ್ನು ಇಲ್ಲಿ ಅರಿಕೆ ಮಾಡುತ್ತೇವೆ.

ಅಡಿಗೆ ಸೋಡವು ಕ್ಷಾರ ಪದಾರ್ಥ. ಹುಳಿಯೊಡನೆ ಸೇರಿದಾಗ ಅದರಿಂದ ಇಂಗಾಲಾಮ್ಲ ವಾಯು ಹೊರಟು ಹಿಟ್ಟನ್ನು ಹಗುರ ಮಾಡುತ್ತದೆ. ಹುಳಿ ಸಾಲದಿದ್ದರೆ, ಸೋಡವು ಒಲೆಯ ಕಾವಿಗೆ ಒಡೆದು ಸ್ವಲ್ಪ ವಾಯುವನ್ನು ಬಿಟ್ಟರೂ, ಕೊನೆಗೆ ಉಳಿಯುವುದು ಬಟ್ಟೆ ಒಗೆಯುವ ಸೋಡವೇ! ಸಾಬೂನಿನ ರುಚಿಗೆ ಅದೇ ಕಾರಣ. ತಕ್ಕಷ್ಟು ಹುಳಿ ಬಿದ್ದರೆ ಒಂದನ್ನೊಂದು ತಣಿಸಿ, ಕೇಕಿನಲ್ಲಿ ಹುಳಿಯೂ ತೋರದು, ಕ್ಷಾರವೂ ತೋರದು.

ಕೋಕೋ ಪುಡಿಯಲ್ಲಿಯೇ ಹುಳಿಯುಂಟಲ್ಲ ಎಂದು ಕೇಳಬಹುದು. ನಿಜ; ಆದರೆ ಆ ಪುಡಿಯಲ್ಲಿ ಎರಡು ಬಗೆಗಳಿವೆ. ಸಹಜವಾದದ್ದು ತಿಳಿಕಂದು ಬಣ್ಣದ್ದು, ನಸುಹುಳಿಯುಳ್ಳದ್ದು. ಎರಡನೆಯದು 19ನೆಯ ಶತಮಾನದಲ್ಲಿ ಹಾಲೆಂಡಿನ ಕೊಯೆನ್‌ರಾಡ್ ವಾನ್ ಹೌಟನ್ ಎಂಬಾತನು ರೂಢಿಗೆ ತಂದ ಕ್ರಮದಂತೆ ಕ್ಷಾರದಿಂದ ಸಂಸ್ಕರಿಸಿ ಹುಳಿಯನ್ನು ಕಳೆದದ್ದು. ಇದರ ಬಣ್ಣ ಹೆಚ್ಚು ಗಾಢ, ರುಚಿ ಮೃದು. ಅಂದು ನಾವು ಬಳಸಿದ್ದೂ ಇದನ್ನೇ. ಪೊಟ್ಟಣದ ಮೇಲೆ ‘ಡಚ್’ ಅಥವಾ ‘ಆಲ್ಕಲೈಜ್ಡ್’ ಎಂದಿದ್ದರೆ ಪುಡಿಯ ಹುಳಿಯನ್ನು ನೆಚ್ಚಬಾರದು. ಸೋಡದೊಡನೆ ಮೊಸರನ್ನು ಕೂಡಿಸತಕ್ಕದ್ದು. ಇಲ್ಲವೆ ಸೋಡಕ್ಕೆ ಬದಲು, ತನ್ನಲ್ಲಿಯೇ ಹುಳಿಯನ್ನು ಹೊಂದಿರುವ ಬೇಕಿಂಗ್ ಪೌಡರನ್ನು ಬಳಸತಕ್ಕದ್ದು.

ಇನ್ನು ಅಳತೆ. ಒಂದು ಬಟ್ಟಲು, ಎಂದರೆ ಸುಮಾರು 240 ಮಿಲಿಲೀಟರ್, ಹುಳಿಮಜ್ಜಿಗೆಗೆ ಅಥವಾ ಕಡೆದ ಹುಳಿಮೊಸರಿಗೆ ಅರ್ಧ ಟೀ ಚಮಚ ಸೋಡ ಸಾಕು. ಮೊಸರಿಲ್ಲದಿದ್ದರೆ ಅಷ್ಟೇ ಹಾಲಿಗೆ ಒಂದು ದೊಡ್ಡ ಚಮಚ ನಿಂಬೆರಸವನ್ನಾಗಲಿ ವಿನಿಗರನ್ನಾಗಲಿ ಹಿಂಡಿ ಹತ್ತು ನಿಮಿಷ ಬಿಡಬಹುದು. ಸೋಡವನ್ನು ಮೈದಾಹಿಟ್ಟಿನೊಡನೆ ಜರಡಿಯಾಡಿ, ಹುಳಿಯನ್ನು ಕಟ್ಟಕಡೆಗೆ ಸೇರಿಸಿ, ತಡಮಾಡದೆ ಮೊದಲೇ ಕಾಯಿಸಿದ 180 ಡಿಗ್ರಿ ಸೆಲ್ಸಿಯಸ್ ಒಲೆಯೊಳಗಿಡಬೇಕು. ಕಲಸಿಟ್ಟು ಮಾತಿಗೆ ಕುಳಿತರೆ ವಾಯುವು ಹಾರಿಹೋಗುವುದು. ಹಳೆಯ ಸೋಡವಾದರೆ ಚಿಟಿಕೆಯಷ್ಟನ್ನು ನಿಂಬೆರಸಕ್ಕೆ ಹಾಕಿ ನೋಡಿರಿ. ನೊರೆಯೇಳದಿದ್ದರೆ ಅದನ್ನು ಕೇಕಿಗೆ ಹಾಕಬೇಡಿರಿ.

ಮೊಟ್ಟೆ ಬಳಸದ ಮನೆಗಳಲ್ಲಿ ಕೇಕು ಉಬ್ಬುವ ಭಾರವೆಲ್ಲ ಈ ಹುಳಿ–ಸೋಡಗಳ ಮೇಲೆಯೇ ಬೀಳುವುದರಿಂದ, ಅಳತೆಯಲ್ಲಿ ಉದಾಸೀನ ಸಲ್ಲದು. ಮರುವರ್ಷ ನಾವು ಮೊಸರನ್ನು ಮರೆಯಲಿಲ್ಲ. ಮಗು ತಟ್ಟೆಯನ್ನು ಸರಿಸಲೂ ಇಲ್ಲ.