ಮೇಲಿನಿಂದ ತೆಗೆದ ಚಿತ್ರ ಊರಿಗೂ ಸಿಗಲಿ: ಚಿತ್ರದುರ್ಗ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಾನು ಹೊಳಲ್ಕೆರೆ ಕಡೆಯ ಭೂಗೋಳದ ಮೇಷ್ಟ್ರು. ಒಂದು ಮುಖ್ಯ ಬೇಡಿಕೆ ಇಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯ ನೆಲದ ಮೇಲೆ ಡ್ರೋನ್ ಹಾರಿಸಿ ತೆಗೆದ ಚಿತ್ರಗಳು, ಅವುಗಳಿಂದ ಮಾಡಿದ ನಕ್ಷೆಗಳು ಆ ನೆಲದಲ್ಲಿ ಬದುಕುತ್ತಿರುವವರ ಕೈಗೂ ಬರಬೇಕು.

ಇದಕ್ಕಾಗಿ ಹೊಸದಾಗಿ ದುಡ್ಡು ಸುರಿಯಬೇಕಿಲ್ಲ. ಎಷ್ಟೋ ಚಿತ್ರಗಳನ್ನು ತೆಗೆಯಲೇಬೇಕೆಂದು ಕಾನೂನೇ ಹೇಳುತ್ತದೆ. 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳಿಗೆ ತಿದ್ದುಪಡಿ ತಂದಿತು. 50 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಗುತ್ತಿಗೆ ಇರುವವರು, ವರ್ಷಕ್ಕೆ 10 ಲಕ್ಷ ಟನ್ ಅಥವಾ ಅದಕ್ಕೂ ಹೆಚ್ಚು ಅಗೆಯುವ ಯೋಜನೆ ಹಾಕಿಕೊಂಡವರು ಪ್ರತಿ ವರ್ಷ ಡ್ರೋನ್ ಸರ್ವೆ ಮಾಡಿಸಬೇಕು. ಗುತ್ತಿಗೆ ಜಾಗವಷ್ಟೇ ಸಾಲದು, ಗಡಿಯಾಚೆ 100 ಮೀಟರ್‌ವರೆಗಿನ ಚಿತ್ರವನ್ನೂ ಭಾರತೀಯ ಗಣಿ ಬ್ಯೂರೋಗೆ ಒಪ್ಪಿಸಬೇಕು. ಸಣ್ಣ ಗಣಿಯವರು ಉಪಗ್ರಹ ಚಿತ್ರ ಕೊಡಬೇಕು. ಆ 100 ಮೀಟರ್ ಇದೆಯಲ್ಲ, ನಮಗೆ ಬೇಕಾದದ್ದು ಅದೇ. ಊರಿನ ಹಳ್ಳ, ಗೋಮಾಳ, ಚೆಕ್ ಡ್ಯಾಂ, ಯಾರದೋ ತೋಟದ ಬೇಲಿ ಬರುವುದು ಅಲ್ಲಿಯೇ. ಮಳೆಗಾಲದಲ್ಲಿ ಮಣ್ಣಿನ ದಿಬ್ಬ ಜರಿದು ಕೆಂಪು ನೀರು ಇಳಿಯುವುದೂ ಅಲ್ಲಿಗೇ. ಆ ಚಿತ್ರ ನೋಡುವ ಅವಕಾಶ ಆ ತೋಟದವನಿಗೆ ಯಾಕಿರಬಾರದು?

ನಕ್ಷೆಯಲ್ಲಿ ಎಳೆದ ಒಂದು ಗೆರೆಗೆ ಎಷ್ಟು ಬಲವಿದೆ ಎಂಬುದನ್ನು ಈ ಜಿಲ್ಲೆ ಕಣ್ಣಾರೆ ಕಂಡಿದೆ. 2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತು. ಬಳ್ಳಾರಿಯಲ್ಲಿ ಅದಕ್ಕೂ ಸುಮಾರು ಒಂದು ತಿಂಗಳು ಮೊದಲೇ ನಿಂತಿತ್ತು. ಆಮೇಲೆ ಕೇಂದ್ರ ಉನ್ನತಾಧಿಕಾರ ಸಮಿತಿಯ ಉಸ್ತುವಾರಿಯಲ್ಲಿ ಮೂರೂ ಜಿಲ್ಲೆಗಳ 166 ಗುತ್ತಿಗೆಗಳ ಗಡಿ ಹಿಡಿದು ಸರ್ವೆ ನಡೆಯಿತು. ಯಾರು ಎಷ್ಟು ಒತ್ತುವರಿ ಮಾಡಿದ್ದಾರೆ ಎಂಬುದರ ಮೇಲೆ ಗಣಿಗಳು ಎ, ಬಿ, ಸಿ ಎಂದು ವಿಂಗಡಣೆಯಾದವು. 2013ರ ಏಪ್ರಿಲ್ 18ರ ತೀರ್ಪು ಈ ವಿಂಗಡಣೆಯನ್ನು ಒಪ್ಪಿತು. ಭಾಷಣ, ಧರಣಿ, ಅರ್ಜಿಗಳೆಲ್ಲ ವರ್ಷಗಟ್ಟಲೆ ಹೇಳಿದ್ದ ಮಾತು ಅಳತೆಯಾಗಿ ಕಾಗದಕ್ಕೆ ಇಳಿದ ಮೇಲೆ ಅದನ್ನು ಅಲ್ಲಗಳೆಯುವುದು ಯಾರಿಗೂ ಸುಲಭವಾಗಲಿಲ್ಲ. ಇವತ್ತು ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸಾವಿರಾರು ಕೋಟಿ ರೂಪಾಯಿ ಇದೆ, ಅದಕ್ಕಾಗಿಯೇ ಒಂದು ನಿಗಮವಿದೆ, 2022ರಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ಮೇಲುಸ್ತುವಾರಿ ಪ್ರಾಧಿಕಾರವೂ ಇದೆ. ಆ ಹಣದಲ್ಲಿ ನಿಜಕ್ಕೂ ಎಷ್ಟು ಗುಡ್ಡ ಹಸಿರಾಯಿತು, ಎಷ್ಟು ಕೆರೆ ಆಳವಾಯಿತು ಎಂದು ನೋಡಲು ವರ್ಷ ವರ್ಷದ ಚಿತ್ರಗಳನ್ನು ಅಕ್ಕಪಕ್ಕ ಇಡುವುದಕ್ಕಿಂತ ನೇರವಾದ ದಾರಿ ನನಗೆ ಕಾಣುತ್ತಿಲ್ಲ.

ಡ್ರೋನ್ ಚಿತ್ರವೇ ಯಾಕೆ ಬೇಕು ಎಂಬುದನ್ನು ಮಕ್ಕಳಿಗೆ ಪಾಠ ಮಾಡುವಾಗ ಗುಂಟೆ ಲೆಕ್ಕದಲ್ಲಿ ಹೇಳುತ್ತೇನೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಹೆಚ್ಚುಕಡಿಮೆ ಒಂಬತ್ತು ಗುಂಟೆ. ಯುರೋಪಿನ ಸೆಂಟಿನೆಲ್ ಚಿತ್ರದಲ್ಲಿ ಒಂದು ಚುಕ್ಕೆಗೆ ಒಂದು ಗುಂಟೆ. ಎರಡೂ ಪುಕ್ಕಟೆ ಸಿಗುತ್ತವೆ. ಜೋಗಿಮಟ್ಟಿಯ ಕಾಡು ಹೇಗೆ ಬದಲಾಗಿದೆ, ಹೊಸದುರ್ಗ ಸೀಮೆಯಲ್ಲಿ ಹೊಲಗಳು ಎಲ್ಲೆಲ್ಲಿ ತೋಟಗಳಾಗಿವೆ ಎಂದು ತಿಳಿಯಲು ಅಷ್ಟು ಸಾಕು. ಆದರೆ ಒಂದು ಹಳ್ಳದ ದಂಡೆ ಕುಸಿದದ್ದು, ವೇದಾವತಿಯ ಮರಳಿನಲ್ಲಿ ಬಿದ್ದ ಗುಂಡಿ, ದಿಬ್ಬದಿಂದ ಜಾರಿದ ಮಣ್ಣು ಆ ಚುಕ್ಕೆಯೊಳಗೇ ಮುಚ್ಚಿಹೋಗುತ್ತವೆ. ಡ್ರೋನ್ ಚಿತ್ರದಲ್ಲಿ ಒಂದು ಚುಕ್ಕೆ ನಾಲ್ಕೈದು ಸೆಂಟಿಮೀಟರ್ ಇದ್ದೀತು. ಒಂದೇ ಜಾಗವನ್ನು ಬೇರೆ ಬೇರೆ ಕಡೆಯಿಂದ, ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಚಿತ್ರ ತೆಗೆಯುವುದರಿಂದ ನೆಲದ ಏರುತಗ್ಗೂ ಲೆಕ್ಕಕ್ಕೆ ಸಿಗುತ್ತದೆ. ಹೋದ ವರ್ಷದ ಎತ್ತರವನ್ನು ಈ ವರ್ಷದ್ದರಿಂದ ಕಳೆದರೆ ಎಷ್ಟು ಮಣ್ಣು ಹೋಯಿತು, ಎಷ್ಟು ಬಂತು ಎಂಬುದು ಘನ ಮೀಟರ್‌ನಲ್ಲಿ ಸಿಗುತ್ತದೆ.

ಕೆರೆಗಳ ವಿಚಾರಕ್ಕೆ ಬಂದಾಗಲಂತೂ ನನ್ನ ಆಸೆ ಹೆಚ್ಚುತ್ತದೆ. ನೀರು ತುಂಬಿದ ಕೆರೆಯ ತಳವನ್ನು ಡ್ರೋನ್ ಕ್ಯಾಮೆರಾ ಅಳೆಯಲಾರದು. ನಮ್ಮ ಕೆರೆಗಳೋ ಎಷ್ಟೋ ಬೇಸಿಗೆಯಲ್ಲಿ ಒಣಗಿ ಬಾಯ್ಬಿಟ್ಟಿರುತ್ತವೆ. ಆ ಸಂಕಟದ ದಿನಗಳೇ ಅಂಗಳ ಅಳೆಯಲು ಸರಿಯಾದ ಕಾಲ. ಹೂಳೆತ್ತುವ ಮೊದಲು ಒಂದು ಸಲ, ಎತ್ತಿದ ಮೇಲೆ ಇನ್ನೊಂದು ಸಲ ಹಾರಿಸಿದರೆ ಎಷ್ಟು ಹೂಳು ಹೊರಗೆ ಹೋಯಿತು ಎಂದು ಟ್ರ್ಯಾಕ್ಟರ್ ಲೋಡು ಎಣಿಸುವ ಕಷ್ಟ ಇರುವುದಿಲ್ಲ. ತೂಬಿನ ಮಟ್ಟ, ಕೋಡಿಯ ಮಟ್ಟ ಗುರುತಿಸಿಕೊಂಡರೆ ಕೆರೆ ಇನ್ನೆಷ್ಟು ನೀರು ಹಿಡಿದೀತು ಎಂಬುದನ್ನೂ ಹೇಳಬಹುದು. ಒಂದು ತೊಡಕಿದೆ. ಬಳ್ಳಾರಿ ಜಾಲಿ ದಟ್ಟವಾಗಿ ಹಬ್ಬಿದ ಅಂಗಳದಲ್ಲಿ ಕ್ಯಾಮೆರಾಕ್ಕೆ ಕಾಣುವುದು ಜಾಲಿಯ ನೆತ್ತಿಯೇ ಹೊರತು ಮಣ್ಣಲ್ಲ. ಮೊದಲು ಜಾಲಿ ತೆಗೆಸಬೇಕು, ಇಲ್ಲವೇ ಲೇಸರ್ ಬಳಸುವ ದುಬಾರಿ ಉಪಕರಣ ತರಿಸಬೇಕು.

ವಾಣಿ ವಿಲಾಸ ಸಾಗರದ ಮಾತೂ ಇಲ್ಲಿ ಬರುತ್ತದೆ. ಮಾರಿಕಣಿವೆ ಎಂದೂ ಕರೆಯುವ, 1907ರಲ್ಲಿ ಕಟ್ಟಿ ಮುಗಿಸಿದ ಈ ಜಲಾಶಯ ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 89 ವರ್ಷ ಕಾದು 2022ರಲ್ಲಿ ಬಿತ್ತು, 2025ರ ಜನವರಿಯಲ್ಲಿ ಮತ್ತೆ ಬಿತ್ತು. ಹಿರಿಯೂರಿನವರು ಬಾಗಿನ ಬಿಟ್ಟು ಸಂಭ್ರಮಿಸಿದ ಹೊತ್ತಿನಲ್ಲೇ ಹೊಸದುರ್ಗದ ಹಿನ್ನೀರಿನ ಹಳ್ಳಿಗಳಲ್ಲಿ ತೋಟಕ್ಕೆ ನೀರು ನುಗ್ಗಿತ್ತು. ಹಿರಿಯೂರಿನವರ ಸಂತೋಷವೂ ನಿಜ, ಹೊಸದುರ್ಗದವರ ಸಂಕಟವೂ ನಿಜ. ನೀರು 128 ಅಡಿಗೆ ಬಂದಾಗ ಯಾವ ಸರ್ವೆ ನಂಬರು ಮುಳುಗುತ್ತದೆ, 130 ಅಡಿಗೆ ಯಾವ ಮನೆಯ ಬಾಗಿಲಿಗೆ ಬರುತ್ತದೆ ಎಂದು ಹಳ್ಳಿವಾರು ನಕ್ಷೆ ಮಾಡಿ ಎರಡೂ ತಾಲ್ಲೂಕಿನವರ ಮುಂದೆ ಹರಡಿದರೆ, ಪರಿಹಾರದ ಮಾತುಕತೆ ಅಂದಾಜು ಬಿಟ್ಟು ನೆಲಕ್ಕೆ ಇಳಿಯುತ್ತದೆ.

ಭದ್ರತೆಯ ಪ್ರಶ್ನೆ ಎತ್ತುವವರಿದ್ದಾರೆ. ಚಳ್ಳಕೆರೆ ಬಳಿ ಡಿಆರ್‌ಡಿಒದ ಪರೀಕ್ಷಾ ವಲಯವಿದೆ, ಚಾಲಕರಹಿತ ವಿಮಾನಗಳು ಅಲ್ಲಿಂದಲೇ ಏಳುತ್ತವೆ. 2023ರ ಆಗಸ್ಟ್‌ನಲ್ಲಿ ತಪಸ್ ಎಂಬ ವಿಮಾನ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲದಲ್ಲಿ ಬಿದ್ದದ್ದು ಎಲ್ಲರಿಗೂ ನೆನಪಿದೆ. ಎಲ್ಲಿ ಹಾರಿಸಬೇಕು, ಎಲ್ಲಿ ಕೂಡದು ಎಂಬುದಕ್ಕೆ 2021ರ ಡ್ರೋನ್ ನಿಯಮಗಳಿವೆ, ಅವು ಹಾಗೆಯೇ ಇರಲಿ. ಹಳ್ಳಿಯವರು ಡ್ರೋನ್ ಹಾರಿಸುತ್ತೇವೆ ಎನ್ನುತ್ತಿಲ್ಲ. ಅನುಮತಿ ಪಡೆದವರು ತೆಗೆದ ಗಣಿ, ಕೆರೆ, ಹಳ್ಳದ ಚಿತ್ರ ಕೇಳುತ್ತಿದ್ದಾರೆ. ಸಾರ್ವಜನಿಕರಿಗೆ ಸಂಬಂಧಿಸಿದ ಮಾಹಿತಿಯನ್ನು ಯಾರೂ ಅರ್ಜಿ ಹಾಕದೆಯೂ ತಾನಾಗಿ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ.

ಹೇಗೆ ಮಾಡಬಹುದು ಎಂಬುದಕ್ಕೆ ಮಾದರಿಯೂ ಇದೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗರು ಮೊದಲು ತಮ್ಮ ಮನೆಯ ಸುತ್ತ ಸುಣ್ಣದ ಗೆರೆ ಎಳೆಯುತ್ತಾರೆ, ಆಮೇಲೆ ಡ್ರೋನ್ ಹಾರುತ್ತದೆ, ಕರಡು ನಕ್ಷೆ ಊರಿಗೆ ಬಂದಾಗ ಆಕ್ಷೇಪಣೆ ಹೇಳಲು ಅವಕಾಶವಿರುತ್ತದೆ. ಮನೆಗೆ ಇರುವ ಈ ಮರ್ಯಾದೆ ಕೆರೆಗೆ, ಗೋಮಾಳಕ್ಕೆ, ಗುಡ್ಡಕ್ಕೂ ಸಿಗಲಿ.

ಡ್ರೋನ್‌ಗೆ ಕಾಣದ್ದೂ ಬಹಳ ಇದೆ. ಬೋರ್‌ವೆಲ್ ಎಷ್ಟು ಆಳಕ್ಕೆ ಹೋಯಿತು, ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದು ಮೇಲಿನಿಂದ ತಿಳಿಯುವುದಿಲ್ಲ. ಯಾವ ಹಳ್ಳ ಯಾವ ಕೆರೆಗೆ ಸೇರುತ್ತಿತ್ತು ಎಂದು ನೀರುಗಂಟಿಗೆ ಗೊತ್ತು, ಕುರಿ ಕಾಯುವವರಿಗೆ ಗೊತ್ತು. ಅವರನ್ನು ನಕ್ಷೆಯ ಜೊತೆ ನಡೆಸಿಕೊಂಡು ಹೋಗಿ, ಅವರು ಹೇಳಿದ ಹೆಸರುಗಳನ್ನೇ ಅದರ ಮೇಲೆ ಬರೆಯಬೇಕು.

ಆದ್ದರಿಂದ ನನ್ನ ವಿನಂತಿ ಇಷ್ಟು. ಗಣಿ ಬ್ಯೂರೋಗೆ ಪತ್ರ ಬರೆದು ನಮ್ಮ ಜಿಲ್ಲೆಯ ಗುತ್ತಿಗೆಗಳ ಡ್ರೋನ್ ಚಿತ್ರಗಳನ್ನು ತರಿಸಿಕೊಳ್ಳಿ. ಆಯಾ ಗ್ರಾಮ ಪಂಚಾಯಿತಿಗೆ ಸಂಬಂಧಿಸಿದ್ದನ್ನು ದೊಡ್ಡ ಹಾಳೆಯಲ್ಲಿ, ಸರ್ವೆ ನಂಬರ್ ಸಮೇತ ಕನ್ನಡದಲ್ಲಿ ಮುದ್ರಿಸಿ ಗ್ರಾಮಸಭೆಯಲ್ಲಿ ತೂಗುಹಾಕಿಸಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಒಂದೊಂದು ಒಣಗಿದ ಕೆರೆ ಆರಿಸಿಕೊಂಡು, ಆಷಾಢದ ಗಾಳಿ ಏಳುವ ಮೊದಲೇ ಅಂಗಳದ ಸರ್ವೆ ಮಾಡಿಸಿ. ನಮ್ಮ ಶಾಲೆಯ ಮಕ್ಕಳು, ನಾನು ಸರ್ವೆಯವರ ಜೊತೆ ಬಿಸಿಲಲ್ಲಿ ನಿಂತು ಗುರುತಿನ ಕಲ್ಲುಗಳಿಗೆ ಸುಣ್ಣ ಬಳಿಯಲು ತಯಾರಿದ್ದೇವೆ. ದಿನ ಗೊತ್ತುಮಾಡಿ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಹೊಳಲ್ಕೆರೆ ತಾಲ್ಲೂಕಿನ ಒಬ್ಬ ಶಿಕ್ಷಕ